ಥರ್ಲೋ ಮುದುಕನ ತಾರೀಖುಗಳು
ಇಂಗ್ಲೆಂಡಿನ ಕುದುರೆ ಓಟದ ಊರು ನ್ಯೂಮಾರ್ಕೆಟ್‌ನ ನನ್ನ ಪಬ್ಬಿನಲ್ಲಿ ಯಾರಾದರೂ ಎರಡು ವರ್ಷದ ಹೆಣ್ಣು ಕುದುರೆಮರಿಗಳ ಓಟದ ಮಾತೆತ್ತಿದರೆ ಕಥೆ ಮುಗಿಯಿತು, ಮೂಲೆಯ ಬೆಂಚಿನಿಂದ ವಿಲ್ಫ್ರೆಡ್ ಥರ್ಲೋ ಗಂಟಲು ಸರಿಮಾಡಿಕೊಳ್ಳುತ್ತಾನೆ. ಮುದುಕ ಲಾಯದ ಕೆಲಸ ಬಿಟ್ಟು ಇಪ್ಪತ್ತು ವರ್ಷವಾಯಿತು. ಆ ಓಟದ ಚರಿತ್ರೆಯಿಂದ ನಮಗೆ ಮಾತ್ರ ಬಿಡುಗಡೆಯಿಲ್ಲ. ಮೊದಲ ಓಟ ಯಾವ ವಾರ, ಅವತ್ತು ಮಂಜು ಎಷ್ಟಿತ್ತು, ಗೆದ್ದವಳ ಅಜ್ಜಿ ಯಾರು, ಎಲ್ಲವನ್ನೂ ಅವನು ಒಪ್ಪಿಸಲೇಬೇಕು. ನಮ್ಮ ಬಿಯರಿನ ನೊರೆ ಇಳಿದು ಸಪ್ಪೆಯಾದರೂ ಅವನು ಮೊದಲ ಹತ್ತು ವರ್ಷ ದಾಟಿರುವುದಿಲ್ಲ. ಪಾಪದ ಪಾದ್ರಿ, “ಅದು ಐವತ್ತೆಂಟರಲ್ಲಿ ಅಲ್ವೇನಪ್ಪ?” ಎಂದರೆ, “ಐವತ್ತೊಂಬತ್ತು, ಸ್ವಾಮಿ! ತಾರೀಖು ಗೊತ್ತಿಲ್ದಿದ್ರೆ ಸುಮ್ನೆ ಕಡಲೆಬೀಜ ತಿನ್ನಿ” ಎನ್ನುತ್ತಾನೆ. ಮೊನ್ನೆ ನನಗೂ ತಲೆ ಕೆಟ್ಟು, “ಒಂದು ದಿನ ಆಚೀಚೆ ಆದ್ರೆ ಪ್ರಪಂಚ ಮುಳುಗೋಗುತ್ತಾ?” ಎಂದು ರೇಗಿದೆ. ಮುದುಕ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ. “ಬ್ರಯನಿ ಅಂತ ಒಂದು ಹೆಣ್ಣುಮರಿ ಇತ್ತು, ಡೋರೀನ್. ಡಿಸೆಂಬರ್ ಮೂವತ್ತೊಂದರ ಸಂಜೆ ನನ್ನ ಕೈಯಲ್ಲೇ ಹುಟ್ತು. ಜನವರಿ ಒಂದು ಬಂದ್ರೆ ಓಟದ ಕುದುರೆಗಳಿಗೆಲ್ಲ ಒಂದು ವರ್ಷ ಜಾಸ್ತಿ ಬರ್ಕೊಳ್ತಾರಲ್ಲ? ‘ನಾಳೆ ಹುಟ್ತು ಅಂತ ಬರಿಯೋ’ ಅಂದ್ರು ಎಲ್ರೂ. ನಾನು ನಿಜ ಬರ್ದೆ. ಒಂದು ದಿನದ ಕೂಸಿಗೆ ಒಂದು ವರ್ಷ ಆಗೋಯ್ತು. ಮುಂದಿನ ವರ್ಷ ಆ ಓಟದಲ್ಲಿ ತನಗಿಂತ ಏಳೆಂಟು ತಿಂಗಳು ದೊಡ್ಡವರ ಜೊತೆ ಓಡಿದ್ಲು. ಎಲ್ರಿಗಿಂತ ಕೊನೇಲಿ ಬಂದು, ಗೆದ್ದೋಳ ಥರ ನನ್ನ ಹೆಗಲ ಮೇಲೆ ತಲೆ ಇಟ್ಲು.”