ಮಂಡೆಬೆಚ್ಚಕ್ಕೆ ಎಷ್ಟು ಅಂಕ?

ಇದು ನಡೆದದ್ದು 2022ರಲ್ಲಿ ಎಂದು ನನ್ನ ನೆನಪು. 2023 ಎಂದು ಗೆಳೆಯ ಪಾಟೀಲರು ವಾದಿಸುತ್ತಾರೆ. ನಾನು ಅವರಷ್ಟು ಗಟ್ಟಿಯಾಗಿ ವಾದಿಸುವುದಿಲ್ಲ, ಏಕೆಂದರೆ ನನ್ನ ನೆನಪು ನನಗೆ ಹಲವು ಸಲ ಕೈಕೊಟ್ಟಿದೆ. ಆಗ ನಾನು ಬಂಟ್ವಾಳ ತಾಲೂಕಿನ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದೆ, ಬಿ.ಸಿ. ರೋಡಿನಲ್ಲಿ ಮನೆ. ವರ್ಷಕ್ಕೆರಡು ಬಾರಿ ಮೂಡುಬಿದಿರೆಯ ಒಂದು ಸ್ವಾಯತ್ತ ಕಾಲೇಜಿಗೆ ಮರುಮೌಲ್ಯಮಾಪನಕ್ಕೆ ಹೋಗುತ್ತಿದ್ದೆ. ಅಂಕ ಕಡಿಮೆ ಬಂತು ಎಂದು ವಿದ್ಯಾರ್ಥಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಉತ್ತರಪತ್ರಿಕೆಯನ್ನು ಹೊರಗಿನ ಅಧ್ಯಾಪಕರೊಬ್ಬರು ಮತ್ತೆ ತಿದ್ದಬೇಕು. ಹೆಸರು ಮುಚ್ಚಿರುತ್ತದೆ. ವಿದ್ಯಾರ್ಥಿಯನ್ನು ಭೇಟಿಯಾಗುವಂತಿಲ್ಲ, ವಿಚಾರಿಸುವಂತಿಲ್ಲ.

ಅಲ್ಲಿನ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತಿದ್ದವರು ಲವೀನಾ ಮೇಡಂ. ನಿಯಮಗಳನ್ನು ಬಾಯಿಪಾಠ ಬಲ್ಲವರು, ಆದರೆ ಬಾಯಿ ಮಾತ್ರ ಸುಮ್ಮನಿರದು. ಆ ಮಂಗಳವಾರ ಒಂದು ಪತ್ರಿಕೆಯನ್ನು ನನ್ನ ಮುಂದಿಟ್ಟು ಹೇಳಿದರು:

"ಶೆಟ್ರೇ, ಇದನ್ನು ಸ್ವಲ್ಪ ಸಾವಕಾಶ ನೋಡಿ. ಹುಡುಗಿಗೆ ಉಜಿರೆಯಲ್ಲಿ ಬಿ.ಎಡ್. ಸೀಟು ಆಗಿದೆ. ಶುಕ್ರವಾರದೊಳಗೆ ಪಾಸಾದ ಅಂಕಪಟ್ಟಿ ಕೊಡದಿದ್ರೆ ಸೀಟು ಹೋಯ್ತು. ಪಾಸಿಗೆ ಎರಡೇ ಮಾರ್ಕು ಕಮ್ಮಿ ಮಾರಾಯ್ರೇ!"

"ಮೇಡಂ, ಅದನ್ನು ನನಗೆ ಹೇಳ್ಬಾರದಿತ್ತು."

"ಹೌದಲ್ಲ! ಕೇಳಿಲ್ಲಾಂತ ಮಾಡಿ."

ಕೇಳಿದ್ದನ್ನು ಕೇಳಿಲ್ಲ ಎಂದು ಮಾಡುವ ವಿದ್ಯೆ ನನಗೆ ಬರುವುದಿಲ್ಲ. ಅಲ್ಲಿಂದಾಚೆ ಆ ಎರಡು ಅಂಕ ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು.

ಉಳಿದ ಉತ್ತರಗಳಲ್ಲಿ ಹೆಚ್ಚು ಕಡಿಮೆ ಮಾಡುವಂಥದ್ದೇನೂ ಇರಲಿಲ್ಲ. ಮೊದಲು ತಿದ್ದಿದವರು ಸರಿಯಾಗಿಯೇ ತಿದ್ದಿದ್ದರು. ಸಿಕ್ಕಿಕೊಂಡದ್ದು ಆರು ಅಂಕದ ಒಂದು ಪ್ರಶ್ನೆಯಲ್ಲಿ. ಮೊದಲೇ ಓದಿರದ ಒಂದು ಗದ್ಯಭಾಗ ಕೊಟ್ಟು, ಲೇಖಕರು ಪಾತ್ರದ ಆಲೋಚನೆ ಮತ್ತು ಭಾವನೆಗಳನ್ನು ಹೇಗೆ ತಿಳಿಸಿದ್ದಾರೆ, ಗದ್ಯದ ಮಾತುಗಳನ್ನೇ ಆಧಾರವಾಗಿ ಕೊಟ್ಟು ವಿವರಿಸಿ ಎಂದು ಕೇಳುವ ಪ್ರಶ್ನೆ. ಭಾವನೆಯನ್ನು ಗುರುತಿಸಿದರೆ ಎರಡು ಅಂಕ, ಅದಕ್ಕೆ ಆಧಾರವಾದ ಮಾತನ್ನು ಎತ್ತಿ ತೋರಿಸಿದರೆ ಎರಡು, ಆ ಮಾತು ಆ ಭಾವನೆಯನ್ನು ಹೇಗೆ ತೋರಿಸುತ್ತದೆ ಎಂದು ವಿವರಿಸಿದರೆ ಎರಡು.

ಗದ್ಯಭಾಗದಲ್ಲಿ ಒಬ್ಬ ತಂದೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದಾನೆ. ಒಳಗೆ ಮಗಳಿಗೆ ಆಪರೇಷನ್. ಆತ ಹೆಗಲ ಟವೆಲನ್ನು ಮಡಚುತ್ತಾನೆ, ಬಿಡಿಸುತ್ತಾನೆ, ಮತ್ತೆ ಮಡಚುತ್ತಾನೆ. ತಲೆಯ ಮೇಲೆಯೇ ಗಡಿಯಾರ ಇದ್ದರೂ ನರ್ಸ್ ಹತ್ತಿರ ಗಂಟೆ ಕೇಳುತ್ತಾನೆ. ಗುಮಾಸ್ತನೊಬ್ಬ ಚೀಲ ದಾರಿಯಲ್ಲಿದೆ ಎಂದು ರೇಗಿ ಫೈಲನ್ನು ಮೇಜಿನ ಮೇಲೆ ಎಸೆಯುತ್ತಾನೆ. ಹೆದರಿಕೆ, ಆತಂಕ ಎಂಬ ಮಾತು ಗದ್ಯದಲ್ಲಿ ಎಲ್ಲೂ ಇಲ್ಲ. ಅದನ್ನು ವಿದ್ಯಾರ್ಥಿ ಕಂಡುಹಿಡಿಯಬೇಕು.

ಈ ಹುಡುಗಿ ಬರೆದದ್ದು ಹೀಗೆ: 'ಫಾದರ್ಸ್ ಹೆಡ್ ಈಸ್ ವೆರಿ ಹಾಟ್.' ಅದರ ಕೆಳಗೆ, ಅವನು ಟವೆಲ್ ಮಡಚುತ್ತಾನೆ, ಬಿಡಿಸುತ್ತಾನೆ, ಏಕೆಂದರೆ ತಲೆ ಬಿಸಿಯಾದವನ ಕೈ ಸುಮ್ಮನಿರುವುದಿಲ್ಲ ಎಂಬರ್ಥದ ಎರಡು ಇಂಗ್ಲಿಷ್ ಸಾಲು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮೊದಲ ಮೌಲ್ಯಮಾಪಕರ ಟಿಪ್ಪಣಿ: ತಂದೆಗೆ ಸಿಟ್ಟು ಬಂದಿಲ್ಲ. ಆಧಾರ ಎತ್ತಿಕೊಟ್ಟದ್ದಕ್ಕೆ ಎರಡು ಅಂಕ. ಭಾವನೆಗೆ ಸೊನ್ನೆ, ವಿವರಣೆಗೆ ಸೊನ್ನೆ.

ನಾನು ಓದಿದ ಕೂಡಲೇ ನಕ್ಕುಬಿಟ್ಟೆ. ಇಂಗ್ಲಿಷಿನಲ್ಲಿ ತಲೆ ಬಿಸಿಯಾದವನು ಎಂದರೆ ಮುಂಗೋಪಿ. ತುಳುವಿನಲ್ಲಿ ಮಂಡೆ ಬೆಚ್ಚವಾದರೆ ಅದು ಚಿಂತೆ. ನನ್ನಮ್ಮ ನಾನು ಪ್ರತಿ ಪರೀಕ್ಷೆಗೆ ಹೊರಟಾಗಲೂ "ಮಂಡೆಬೆಚ್ಚ ಮಲ್ಪಡ" ಎನ್ನುತ್ತಿದ್ದರು, ಚಿಂತೆ ಮಾಡಬೇಡ ಎಂದು. ಹುಡುಗಿ ಆ ಮಾತನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿದ್ದಾಳೆ. ಹಾಗಾದರೆ ಅವಳ ಉತ್ತರ ಸರಿ.

ನಗು ನಿಂತ ಮೇಲೆ ಅನುಮಾನ ಶುರುವಾಯಿತು. ಅವಳು ತುಳು ಮಾತಾಡುವವಳು ಎಂದು ನನಗೆ ಹೇಳಿದವರು ಯಾರು? ಹೆಸರೇ ಮುಚ್ಚಿದ ಪತ್ರಿಕೆ. ಸಿಟ್ಟು ಎಂದೇ ಅವಳು ಬರೆದಿದ್ದರೆ? ಓದಿದ್ದು ಅವಳ ಉತ್ತರವನ್ನೋ, ನನ್ನ ಅಮ್ಮನ ಮಾತನ್ನೋ? ಅದರ ಮೇಲೆ ಆ ಎರಡು ಅಂಕ ಬೇರೆ. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಬೇಡ, ಬರಹದಲ್ಲಿ ಏನಿದೆ ನೋಡು ಎಂದು ಎಂ.ಎ. ತರಗತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಬರಹದಲ್ಲಿ ಇದ್ದದ್ದು ಬಿಸಿಯಾದ ಒಂದು ತಲೆ, ಅಷ್ಟೇ.

ಮೇಡಂ ಅವರ ಅನುಮತಿ ಪಡೆದು, ಪತ್ರಿಕೆಯ ನಂಬರು ಇಲ್ಲದ ಪೂರ್ತಿ ನಕಲೊಂದನ್ನು ಚೀಲಕ್ಕೆ ಹಾಕಿಕೊಂಡು ಸಿದ್ದಕಟ್ಟೆ ದಾರಿಯ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಪಾಟೀಲರನ್ನು ಬಿ.ಸಿ. ರೋಡಿನ ಹೋಟೆಲಿಗೆ ಕರೆದೆ. ಬಾಗಲಕೋಟೆ ಕಡೆಯವರು, ಬೆಳ್ತಂಗಡಿಯ ಕಾಲೇಜಿನಲ್ಲಿ ನನ್ನಂತೆಯೇ ಇಂಗ್ಲಿಷ್ ಮೇಷ್ಟ್ರು. ಬನ್ಸ್ ಬರುವ ಮೊದಲೇ ಆ ಒಂದು ಸಾಲನ್ನು ಮಾತ್ರ ತೋರಿಸಿದೆ. ಎರಡು ಅಂಕದ ವಿಷಯ ಹೇಳಲಿಲ್ಲ.

"ಇದರಾಗೇನೈತಿ? ಅಪ್ಪಗ ಸಿಟ್ಟು ಬಂದೈತಿ," ಎಂದರು. "ನಮ್ಮ ಕಡೆ ಒಬ್ಬಾಂವಂದು ತಲಿ ಬಿಸಿ ಆತಂದ್ರ ಎದುರಿಗಿದ್ದಾಂವ ಚಪ್ಪಲಿ ಬಿಟ್ಟು ಓಡಬೇಕು."

ನಾನು ಮಂಡೆಬೆಚ್ಚದ ಕಥೆ ಹೇಳಿದೆ. ಅವರು ಬನ್ಸ್ ಮುರಿಯುತ್ತ ಪೂರ್ತಿ ಕೇಳಿದರು.

"ಶೆಟ್ರ, ನಿಮ್ಮ ಊರಾಗ ಹತ್ತು ವರ್ಷ ಅದೀನಿ, ಆ ಶಬ್ದ ನನಗೂ ಗೊತ್ತೈತಿ. ಆದ್ರ ಆಕಿ ಅದನ್ನ ಬರದಾಳ? ಇಲ್ಲ. ನೀವು ಓದಾಕತ್ತೀರಿ. ಮಕ್ಕಳಿಗೆ ಆಧಾರ ಕೊಡು, ಆಧಾರ ಕೊಡು ಅಂತ ಬಡಕೋತೀವಲ್ಲ, ನೀವೂ ಆಧಾರ ಕೊಡ್ರಿ. ಕಾಗದದಾಗ ತೋರಸ್ರಿ, ನಾನೂ ಒಪ್ಪತೀನಿ."

ಮಾತು ಚುಚ್ಚಿತು, ಕುತೂಹಲವನ್ನೂ ಹುಟ್ಟಿಸಿತು. ಮನೆಗೆ ಬಂದು ಇಡೀ ಪತ್ರಿಕೆಯನ್ನು ಹರಡಿಕೊಂಡು ಕೂತೆ. ಈ ಸಲ ತಿದ್ದಲಿಕ್ಕೆ ಓದಲಿಲ್ಲ. ಪರೀಕ್ಷೆಗೆ ಕೂತವನಂತೆ ಓದಿದೆ. ಪ್ರಶ್ನೆ ಅದೇ: ಲೇಖಕಿ ಆಲೋಚನೆ ಮತ್ತು ಭಾವನೆಗಳನ್ನು ಹೇಗೆ ತಿಳಿಸಿದ್ದಾರೆ? ಲೇಖಕಿ ಮಾತ್ರ ಈ ಹುಡುಗಿ.

ಅವಳ ಇಂಗ್ಲಿಷಿನಲ್ಲಿ ಸಿಟ್ಟಿಗೆ ಪದವೇ ಇರಲಿಲ್ಲವೇ? ಇತ್ತು. ಅದೇ ಉತ್ತರದ ಕೊನೆಯಲ್ಲಿ ಗುಮಾಸ್ತನ ಬಗ್ಗೆ ಬರೆಯುವಾಗ, ಫೈಲ್ ಎಸೆದದ್ದರಿಂದ ಅವನು 'ಆ್ಯಂಗ್ರಿ' ಎಂದು ಗೊತ್ತಾಗುತ್ತದೆ ಎಂದಿದ್ದಳು. ಕಾಗುಣಿತವೂ ಸರಿಯಿತ್ತು. ಇನ್ನೊಂದು ಪ್ರಶ್ನೆಗೆ ಬರೆದ ಕಿರುಗತೆಯಲ್ಲಿ ಅಣ್ಣನೊಬ್ಬ ತಂಗಿಯ ಮೇಲೆ ರೇಗುತ್ತಾನೆ. ಅಲ್ಲಿಯೂ ಅದೇ ಪದ. ಹೀಗೆ ಸಿಟ್ಟು ಬಂದಲ್ಲೆಲ್ಲ ಸಿಟ್ಟಿನ ಪದವನ್ನೇ ಬಳಸಿದವಳು ತಂದೆಯೊಬ್ಬನಿಗೆ ಮಾತ್ರ ಅದನ್ನು ಬಳಸಲಿಲ್ಲ. ಮುಖ್ಯ ಪತ್ರಿಕೆ, ಹೆಚ್ಚುವರಿ ಹಾಳೆ ಎರಡರಲ್ಲೂ ಹುಡುಕಿದೆ, ಚಿಂತೆಗೆ ಅವಳ ಬಳಿ ಇಂಗ್ಲಿಷ್ ಪದ ಇದ್ದ ಗುರುತು ಎಲ್ಲೂ ಸಿಗಲಿಲ್ಲ. ಪದ ಇಲ್ಲದ ಕಡೆ ಅವಳು ಮನೆಯ ಮಾತನ್ನು ಎತ್ತಿ ಇಟ್ಟಿದ್ದಾಳೆ. ಅವಳು ಎಲ್ಲಿಯವಳು ಎಂದು ನಾನು ಊಹಿಸಬೇಕಾದದ್ದೇ ಇರಲಿಲ್ಲ. ಸಿಟ್ಟಲ್ಲ ಎಂಬುದಕ್ಕೆ ಪುಟದಲ್ಲೇ ಸಾಕ್ಷಿ ಇತ್ತು. ಸಿಟ್ಟಲ್ಲದಿದ್ದರೆ ಮತ್ತೇನು ಎಂಬುದಕ್ಕೆ ಸುಮ್ಮನಿರದ ಆ ಕೈ ಇತ್ತು.

ಅಂಕ ಹಾಕುವ ಮೊದಲು ಕಾರಣಗಳನ್ನು ಬರೆದು ಮುಗಿಸಿದೆ. ಭಾವನೆ ಗುರುತಿಸಿದ್ದಕ್ಕೆ ಎರಡರಲ್ಲಿ ಒಂದು, ಏಕೆಂದರೆ ಇದು ಇಂಗ್ಲಿಷ್ ಪರೀಕ್ಷೆ, ಪದ ಇಂಗ್ಲಿಷಿನಲ್ಲಿ ಸಿಗಬೇಕಿತ್ತು. ವಿವರಣೆ ಎರಡೇ ಸಾಲಿನದ್ದು, ಅದಕ್ಕೆ ಒಂದು. ಕೂಡಿಸಿದರೆ ಎರಡು. ಸರಿಯಾಗಿ ಎರಡು! ಪೆನ್ನು ಕೆಳಗಿಟ್ಟೆ. ಬೇಕಾದಷ್ಟೇ ಬಂದ ಉತ್ತರವನ್ನು ಅನುಮಾನಿಸು ಎಂದು ಮಕ್ಕಳಿಗೆ ಲೆಕ್ಕದ ಮೇಷ್ಟ್ರು ಹೇಳುವುದುಂಟು.

ಕಾರಣಗಳನ್ನು ಮಾತ್ರ ಪಾಟೀಲರಿಗೆ ಫೋನಿನಲ್ಲಿ ಓದಿ ಹೇಳಿ, ನೀವಾದರೆ ಎಷ್ಟು ಕೊಡುತ್ತೀರಿ ಎಂದು ಕೇಳಿದೆ.

"ಭಾವನೆಗೆ ಒಂದು, ವಿವರಣೆಗೆ ಎರಡೂ ಕೊಡ್ರಿ. ಆ ಕೈಯಿ ಸುಮ್ಮನಿರೂದಿಲ್ಲ ಅಂದಾಳಲ್ಲ, ಅದು ಕೀ ಆನ್ಸರ್‌ದಾಗೂ ಇಲ್ಲ, ಹುಡುಗಿ ಶಾಣ್ಯಾಕಿ ಅದಾಳ. ನೀವೆಷ್ಟ ಹಾಕೀರಿ?"

"ಒಂದು ಕಡಿಮೆ."

"ಜಿಪುಣ ಅದೀರಿ ಬಿಡ್ರಿ."

ನಾನು ಎರಡೇ ಹಾಕಿದೆ. ಗುರುವಾರ ಮಧ್ಯಾಹ್ನ ವರದಿಯನ್ನೂ ಆ ನಕಲನ್ನೂ ಮೂಡುಬಿದಿರೆಗೆ ಕೈಯಾರೆ ತಲುಪಿಸಿದೆ. ಲವೀನಾ ಮೇಡಂ ಓದಿ ತಲೆಯೆತ್ತಿ, "ಕೇಳಿಲ್ಲಾಂತ ಮಾಡಿದ್ರಲ್ಲ?" ಎಂದರು. "ಮಾಡ್ಲಿಕ್ಕೆ ನೋಡಿದೆ," ಎಂದೆ. ಶುಕ್ರವಾರ ಬೆಳಿಗ್ಗೆ ಅಂಕಪಟ್ಟಿ ಹೋಯಿತಂತೆ.

ಮರುವರ್ಷ ಉಜಿರೆಯಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಒಂದು ದಿನದ ತರಬೇತಿ ಇತ್ತು. ಗದ್ಯಭಾಗವನ್ನು ಓದಿ ಭಾವನೆ ಗುರುತಿಸುವುದನ್ನು ಕಲಿಸುವುದು ಹೇಗೆ ಎಂಬ ವಿಷಯಕ್ಕೆ ನನ್ನನ್ನು ಕರೆದಿದ್ದರು. ಕಾಲೇಜಿನ ಹೆಸರು ಹೇಳದೆ ಈ ಪ್ರಸಂಗವನ್ನು ಹೇಳಿದೆ. ಎಲ್ಲರೂ ನಕ್ಕರು. ಚಹಾದ ಹೊತ್ತಿಗೆ ಒಬ್ಬಳು ಹತ್ತಿರ ಬಂದಳು. ಹೆಸರು ಪ್ರತಿಮಾ, ಊರು ಬೆಳುವಾಯಿ.

"ಸರ್, ಅದು ನನ್ನ ಪೇಪರ್ ಅಂತ ಕಾಣ್ತದೆ. ಆಸ್ಪತ್ರೆಯದ್ದು, ರಿವ್ಯಾಲ್ಯುಯೇಷನ್, ಎಲ್ಲ ಸರಿ ಉಂಟು. ಆದ್ರೆ ನಾನು ಹಾಟ್ ಅಂತ ಬರೆದಿಲ್ಲ ಸರ್. 'ವರೀಡ್' ಅಂತಲೇ ಬರೆದದ್ದು. ನನಗೆ ಸರೀ ನೆನಪುಂಟು."

"ಖಂಡಿತವಾ?"

"ದೇವರಾಣೆ ಸರ್. ಮತ್ತೆ ಅದು ಟವೆಲ್ ಅಲ್ಲ, ಕೊಡೆ. ಅಪ್ಪ ಕೊಡೆ ಬಿಡಿಸುವುದು, ಮಡಚುವುದು."

ಗದ್ಯದ ಆ ಟವೆಲನ್ನು ನಾನು ಕಣ್ಣಾರೆ ಕಂಡಂತಿತ್ತು. ಆಸ್ಪತ್ರೆಯೊಳಗೆ ಯಾರು ಕೊಡೆ ಬಿಡಿಸುತ್ತಾರೆ? ಆದರೆ ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಅವಧಿ ಮುಗಿದ ಉತ್ತರಪತ್ರಿಕೆಗಳನ್ನು ನಾಶ ಮಾಡುವುದು ನಿಯಮ, ಆಗಲೇ ಮಾಡಿಯೂ ಆಗಿತ್ತು. ಅವಳೊಳಗೆ ಅಂದು ಇದ್ದದ್ದು ಚಿಂತೆಯ ಅರ್ಥವೇ. ಒಂದು ವರ್ಷದಲ್ಲಿ ಅರ್ಥ ತನಗೆ ಬೇಕಾದ ಪದವನ್ನು ಹುಡುಕಿ ಹಾಕಿಕೊಂಡಿತ್ತು. ನನ್ನೊಳಗೆ ಏನೇನು ಹಾಗೆ ಬದಲಾಗಿದೆಯೋ, ಆ ಟವೆಲ್ ಸೇರಿ, ನನಗೆ ತಿಳಿಯದು. ಬರೆದವಳನ್ನೇ ಕೇಳುವ ಅವಕಾಶ ಅಂದು ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಸಿಗುತ್ತಿದ್ದದ್ದು ಅವಳ ನೆನಪು, ಅವಳು ಬರೆದದ್ದಲ್ಲ. ಕೈಯಲ್ಲಿ ಪುಟ ಇದ್ದಾಗ ಪುಟವನ್ನೇ ಪೂರ್ತಿ ಓದಬೇಕು, ಒಂದು ಸಾಲಿಗೆ ಅಂಕ ಹಾಕುವ ಮೊದಲು ಅದರ ನೆರೆಹೊರೆಯ ಸಾಲುಗಳನ್ನು ವಿಚಾರಿಸಬೇಕು. ವೃತ್ತಿ ನನಗೆ ಕಲಿಸಿದ್ದು ಅಷ್ಟು. ಅದನ್ನೇ ಅವಳಿಗೂ ಹೇಳಿದೆ.

"ಒಂದೊಂದು ಉತ್ತರಕ್ಕೆ ಇಡೀ ಪೇಪರ್ ಓದುವುದಾ ಸರ್?" ಅವಳು ಚಹಾದ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ಕಟ್ಟು ಕಟ್ಟು ಪೇಪರ್ ಇರ್ತದೆ. ಆಲೋಚನೆ ಮಾಡಿದ್ರೇ ಮಂಡೆಬೆಚ್ಚ."

ಹೇಳುತ್ತ ಅವಳು ನಗುತ್ತಿದ್ದಳು. ಅಲ್ಲಿ ಆ ಪದಕ್ಕೆ ಚಿಂತೆ ಎಂದು ಅರ್ಥವೇ, ರೇಜಿಗೆಯೇ, ಬರಲಿರುವ ಕೆಲಸದ ಖುಷಿಯೇ? ನಾನು ಆಧಾರ ಹುಡುಕುತ್ತ ಅವಳ ಕೈಯ ಲೋಟವನ್ನೇ ನೋಡಿ ನಿಂತೆ.