ಉಲ್ಲನ್ ಗುಂಡುಕಲ್ಲು

ನನ್ನ ಅಂಗಡಿಗೆ ಬೂದು ಬಣ್ಣದ ಉಲ್ಲನ್ ಕೇಳಿಕೊಂಡು ಬರುವವರು ಇಲ್ಲವೇ ಇಲ್ಲ ಅನ್ನಬಹುದು. ಆಲೂರು ಬಸ್ ಸ್ಟ್ಯಾಂಡಿನ ಎದುರು ಇರುವ ಈ ಫ್ಯಾನ್ಸಿ ಸ್ಟೋರಿನಲ್ಲಿ ನಡೆಯುವುದೆಲ್ಲ ಗಿಳಿಹಸಿರು, ಕೆಂಪು, ಅರಿಶಿನ. ಬಾಗಿಲ ತೋರಣದ ಗಿಳಿಗೆ ಹಸಿರು, ಅದರ ಕೊಕ್ಕಿಗೆ ಕೆಂಪು, ಕೂಸಿನ ಟೋಪಿಗೆ ಗುಲಾಬಿ. ಹಾಗಾಗಿ ಕಲ್ಯಾಣಕ್ಕ ಒಂದು ಬೆಳಿಗ್ಗೆ ಬಂದು, "ಬೂದು ಬಣ್ಣದ್ದು ಐತಾ ಶಾಲಿನಿ? ಒಲೆ ಬೂದಿ ಥರ ಅಲ್ಲ, ಕಲ್ಲಿನ ಬಣ್ಣ," ಎಂದಾಗ ನನಗೆ ರೇಗಿತು. ಅಟ್ಟ ಹತ್ತಿ ಇಳಿಸಬೇಕು, ದೂಳು ಕೊಡವಬೇಕು.

"ಯಾರಿಗಕ್ಕ?"

"ನಯನನ ಕೂಸಿಗೆ. ಬರೋ ವಾರ ತೊಟ್ಟಿಲಿಗೆ ಹಾಕ್ತಾರಂತೆ."

"ಹೆಣ್ಣುಕೂಸಿಗೆ ಕಲ್ಲಿನ ಬಣ್ಣನಾ ಮಾರಾಯ್ತಿ? ಈ ಗುಲಾಬಿ ನೋಡು, ನಿನ್ನೆ ಬಂದಿರೋದು."

"ಬಟ್ಟೆಗಲ್ಲ ಕಣೆ, ಕಲ್ಲಿಗೆ," ಎಂದಳು ಕಲ್ಯಾಣಕ್ಕ. ಅವಳ ಮುಖದಲ್ಲಿ ನಗು ಇತ್ತು, ಆದರೆ ಅದು ನನಗೆ ಹಿಡಿಸುವಂಥ ನಗುವಾಗಿರಲಿಲ್ಲ.

ಕಲ್ಯಾಣಕ್ಕ ಕುಂದೂರು ಕಡೆಯವಳು. ಗಂಡ ಕೃಷ್ಣಪ್ಪಣ್ಣ ಗದ್ದೆ, ಶುಂಠಿ ಅಂತ ಓಡಾಡಿಕೊಂಡಿರುವ ಮೆದು ಮನುಷ್ಯ. ಇವಳ ಕೈಯಲ್ಲಿ ಸದಾ ಒಂದು ಕ್ರೋಶಾ ಕಡ್ಡಿ. ಬಸ್ಸಿನಲ್ಲಿ ಕೂತರೂ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತರೂ ಬೆರಳು ಆಡುತ್ತಲೇ ಇರುತ್ತದೆ. ನಮ್ಮ ತಾಲ್ಲೂಕಿನ ಅರ್ಧ ಬಾಗಿಲುಗಳ ತೋರಣ ಇವಳ ಕೈಯದು ಅಂದರೆ ಸ್ವಲ್ಪ ಜಾಸ್ತಿಯಾಯಿತು. ಕುಂದೂರು ಹೋಬಳಿಯ ಮಟ್ಟಿಗೆ ಸುಳ್ಳಲ್ಲ. ಕೂಸುಗಳ ಟೋಪಿ, ಕಾಲುಚೀಲ, ಗಿಲಕಿ ಸಿಕ್ಕಿಸಿದ ಮೊಲ, ಎಲ್ಲ ಹೆಣೆದಿದ್ದಾಳೆ. ಅವಳಿಗೆ ಮಾತ್ರ ಮಕ್ಕಳಾಗಲಿಲ್ಲ.

ಕಲ್ಲಿನ ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಕೂಸಿಗಿಂತ ಮುಂಚೆ ಒರಳಿನ ಗುಂಡುಕಲ್ಲನ್ನು ಮಲಗಿಸುತ್ತಾರೆ. ಅದಕ್ಕೆ ಸ್ನಾನ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ಕೂಸನ್ನು ತೂಗಿದ ಹಾಗೇ ತೂಗುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆಮೇಲೆ ಕಲ್ಲನ್ನು ತೆಗೆದು ಆ ಜಾಗದಲ್ಲಿ ಕೂಸನ್ನು ಮಲಗಿಸುತ್ತಾರೆ. ತೆಗೆದ ಕಲ್ಲನ್ನು ಎಲ್ಲಾದರೂ ಇಡಬೇಕಲ್ಲ. ಬಂದವರಲ್ಲಿ ಇನ್ನೂ ಮಕ್ಕಳಾಗದ ಹೆಂಗಸಿದ್ದರೆ ಅವಳ ಸೆರಗಿಗೆ ಹಾಕುತ್ತಾರೆ. ಈ ವರ್ಷ ಕಲ್ಲು, ಬರುವ ವರ್ಷ ಕೂಸು ಎಂದು ಹಾರೈಸುತ್ತಾರೆ. ಶಾಸ್ತ್ರ ಮುಗಿಯುವ ತನಕ ಅವಳು ಅದನ್ನು ಹಿಡಿದುಕೊಂಡೇ ಇರಬೇಕು.

ಕಲ್ಯಾಣಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ಅದು ನಿಜಕ್ಕೂ ಹಾರೈಕೆಯೇ. ಅವಳು ನಾಚಿಕೊಂಡು ಸೆರಗು ಒಡ್ಡುತ್ತಿದ್ದಳಂತೆ. ಮೂವತ್ತು ದಾಟಿದಾಗ ಕಲ್ಲು ಹಾಕುವವರು ಕಣ್ಣು ತಪ್ಪಿಸತೊಡಗಿದರು. ನಲವತ್ತು ದಾಟಿದ ಮೇಲೆ ಹಾರೈಕೆ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು. ಯಾರ ಮನೆಯ ತೊಟ್ಟಿಲಾದರೂ ಸರಿ, ಕಲ್ಲು ಎತ್ತಿದವರು "ಕಲ್ಯಾಣಮ್ಮ ಎಲ್ಲವ್ಳೆ?" ಎಂದು ಸುತ್ತ ನೋಡುತ್ತಾರೆ. ಈಗ ಅವಳಿಗೆ ಐವತ್ತರ ಮೇಲಾಯಿತು. ಮಿಕ್ಕವರ ಕೈಗೆಲ್ಲ ಕೂಸು ದಾಟುತ್ತಾ ಹೋಗುವಾಗ ಇವಳು ಗೋಡೆಗೆ ಒರಗಿ ಕಲ್ಲು ಹಿಡಿದು ನಿಂತಿರುತ್ತಾಳೆ. ಹೋಗಿ ಬೈಯೋಣ ಅಂದರೆ ಅವರಲ್ಲಿ ಯಾರೂ ಕೆಟ್ಟವರಲ್ಲ. ನನಗೆ ಹೊಟ್ಟೆ ಉರಿಯುವುದೂ ಅದಕ್ಕೇ.

ನಯನಾ ಅವಳ ತಂಗಿಯ ಮಗಳು. ತಂಗಿಗೆ ಎರಡನೆಯ ಹೆರಿಗೆ ಕಷ್ಟವಾಗಿ ಹಾಸಿಗೆ ಹಿಡಿದಾಗ ಮೂರು ವರ್ಷದ ನಯನಾಳನ್ನು ಕಲ್ಯಾಣಕ್ಕ ಕರೆತಂದಳು. ಸ್ವಲ್ಪ ದಿನಕ್ಕೆಂದು ಬಂದ ಹುಡುಗಿ ಐದನೇ ಕ್ಲಾಸು ಮುಗಿಸುವ ತನಕ ಇಲ್ಲೇ ಉಳಿದಳು. ಆಮೇಲೆ ಹೆತ್ತವರು ಬಂದು ಕರೆದುಕೊಂಡು ಹೋದರು. ಹೆತ್ತವರಲ್ಲವೇ, ಯಾರು ಏನು ಹೇಳುವುದು? ಮರುದಿನ ಶಾಲೆ ಬಿಡುವ ಹೊತ್ತಿಗೆ ಕಲ್ಯಾಣಕ್ಕ ರೂಢಿಯಂತೆ ರಸ್ತೆಯ ತನಕ ಹೋಗಿ ನಿಂತು, ಆಮೇಲೆ ನೆನಪಾಗಿ, ಬರಿಗೈಯಲ್ಲಿ ಹೇಗೆ ಬರುವುದೆಂದು ಬೇಲಿಯ ಸೊಪ್ಪು ಕಿತ್ತುಕೊಂಡು ಬಂದಳಂತೆ. ಇದನ್ನು ಹೇಳಿದವನು ಕೃಷ್ಣಪ್ಪಣ್ಣ. ಅವಳು ಹೇಳುವವಳಲ್ಲ.

ಈಗ ನಯನಾ ವನಗೂರಿನ ಸೊಸೆ. ಗಂಡ ಮೋಹನನಿಗೆ ಕಾಫಿ, ಏಲಕ್ಕಿ ತೋಟ. ಆ ನಯನಾ ಹಿಂದಿನ ದಿನ ಫೋನ್ ಮಾಡಿದ್ದಳಂತೆ. ಶಾಸ್ತ್ರದ ದಿನ ಹೇಳಿ, "ದೊಡ್ಡಮ್ಮ, ಇಲ್ಲಿ ಗ್ರೈಂಡರ್ ಬಂದ್ಮೇಲೆ ಒರಳು ತೆಗೆದು ಹಾಕ್ಬುಟ್ಟವ್ರೆ, ಗುಂಡುಕಲ್ಲೇ ಇಲ್ಲ. ನಮ್ಮನೆ ಕಲ್ಲು ನೀನೇ ತಗೊಂಡ್ ಬಾ," ಎಂದಳಂತೆ.

"ಇಷ್ಟು ದಿನ ಬೇರೆಯೋರು ಕಲ್ಲು ಕೊಡೋರು," ಎಂದಳು ಕಲ್ಯಾಣಕ್ಕ, ನಾನು ಇಳಿಸಿದ ಉಲ್ಲನ್ ಉಂಡೆಯನ್ನು ಕೆನ್ನೆಗೆ ಒತ್ತಿ ಎಷ್ಟು ಮೆದುವೆಂದು ನೋಡುತ್ತಾ. "ಇವಳು, ನೀನೇ ಹೊತ್ಕೊಂಡ್ ಬಾ ಅಂದ್ಬುಟ್ಳು."

ಅವಳು ಆಗಲೇ ಕೌಂಟರಿನ ಮೇಲೆ ತೂಗುಹಾಕಿದ್ದ ಆಕ್ಟೋಪಸ್ ಗೊಂಬೆಯನ್ನು ಕೈಗೆ ತೆಗೆದುಕೊಂಡಿದ್ದಳು. ಒಂದು ಕಡೆ ನಗುಮುಖ, ಒಳಗನ್ನು ಹೊರಗೆ ತಿರುವಿದರೆ ಸಿಟ್ಟಿನ ಮುಖ. ಕಾಲೇಜು ಹುಡುಗಿಯರು ಕೊಳ್ಳುವ ಚೈನಾ ಮಾಲು. ಅದನ್ನು ತಿರುವಿದಳು, ಮತ್ತೆ ತಿರುವಿದಳು, ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ನೋಡಿದಳು. ಕೊಳ್ಳುವುದಿಲ್ಲ, ಹಾಳು ಬೇರೆ ಮಾಡುತ್ತಾಳೆ ಎಂದುಕೊಂಡೆ. "ಎರಡು ಚೀಲ ಹೆಣೆದು ಬಾಯಿಗೆ ಬಾಯಿ ಸೇರಿಸವ್ರೆ ಅಷ್ಟೆ," ಎಂದು ಅದನ್ನು ಅಲ್ಲೇ ಸಿಕ್ಕಿಸಿ ಬಸ್ಸಿಗೆ ಓಡಿದಳು.

ನಾಲ್ಕು ದಿನ ಬಿಟ್ಟು ಬಂದಳು. ಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟಿದ್ದು ಗುಂಡುಕಲ್ಲೇ. ತಲೆ ಸಣ್ಣ, ಬುಡ ದಪ್ಪ, ಅರೆದು ಅರೆದು ಸವೆದ ಕಡೆ ಸ್ವಲ್ಪ ತಿಳಿ ಬಣ್ಣ. ಮುಟ್ಟಿದರೆ ಮಾತ್ರ ಉಲ್ಲನ್ ಎಂದು ಗೊತ್ತಾಗಬೇಕು.

"ತಿರುವು," ಎಂದಳು.

ಬುಡದಲ್ಲಿ ಎರಡು ಬೆರಳು ಹೋಗುವಷ್ಟು ಸೀಳು ಇತ್ತು. ಎಳೆದೆ. ಮೊದಲು ಒಂದು ಸೊಂಡಿಲು ಬಂತು, ಆಮೇಲೆ ಮಡಚಿಕೊಂಡಿದ್ದ ಕಿವಿಗಳು, ಆಮೇಲೆ ಗಿಡ್ಡ ಕಾಲುಗಳು. ಕಲ್ಲು ಪೂರಾ ಒಳಗೆ ಹೋಗಿ ಹೊಟ್ಟೆಯಾಯಿತು, ನನ್ನ ಅಂಗೈ ಮೇಲೆ ಒಂದು ಆನೆಮರಿ ನಿಂತಿತು. ಬಿಳಿ ದಾರದಲ್ಲಿ ಕಾಲುಗುರು ಬೇರೆ.

"ಸೊಂಡಿಲು ಬಾಳ ಆಟ ಆಡಿಸ್ತು," ಎಂದಳು. "ಹತ್ತಿ ತುಂಬಿದ್ರೆ ಕಲ್ಲಿನ ಮೈಮೇಲೆ ಗದ್ದಕಟ್ಟು ಬಂದಂಗೆ ಉಬ್ಬೋದು. ಬಿಚ್ಚಿ, ಬಿಚ್ಚಿ ಹಾಕ್ದೆ. ಈಗ ಬರೀ ಚರ್ಮ, ಒಳಗೆ ಮಡಚ್ಕೊಂಡು ಮಲಗ್ತೈತೆ."

ಆನೆಯೇ ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಆ ಕತೆ ನನಗೆ ಗೊತ್ತು. ನಯನಾ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಮಂಜು ಕವಿದಿತ್ತು. ಎಸ್ಟೇಟ್ ಅಂಚಿನ ದಾರಿಯಲ್ಲಿ ಇವಳ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗಿ, "ದೊಡ್ಡಮ್ಮ, ಈ ಬಂಡೆ ನಿನ್ನೆ ಇತ್ತಾ?" ಎಂದಿದ್ದಳು. ಇದ್ದಿರಬೇಕು ನಡಿ ಎಂದು ಇವಳು ಗದರಿಸುವಷ್ಟರಲ್ಲಿ ಕಾಫಿ ಗಿಡದ ಸಾಲಿನಲ್ಲಿದ್ದ ಬಂಡೆ ಎದ್ದು ನಿಂತಿತು. ಮರಿಯಾನೆ. ತಾಯಿ ಹತ್ತಿರದಲ್ಲೇ ಇರುತ್ತದೆಂದು ಮಗುವನ್ನು ಎತ್ತಿಕೊಂಡು ಇವಳು ಓಡಿದ ಓಟಕ್ಕೆ ಚಪ್ಪಲಿ ಅಲ್ಲೇ ಉಳಿಯಿತು. ಹುಡುಗಿಗೆ ಭಯವಾಗಲಿಲ್ಲ. ಅವತ್ತಿನಿಂದ ಅವಳ ಪ್ರಕಾರ ಕಲ್ಲುಗಳೆಲ್ಲ ಮಲಗಿರುವ ಮರಿಗಳು. ಅಡುಗೆಮನೆಯ ಗುಂಡುಕಲ್ಲಿಗೆ ಟವಲು ಸುತ್ತಿ ಸೀರೆ ಜೋಲಿಯಲ್ಲಿ ಹಾಕಿ ತೂಗುತ್ತಿದ್ದಳು. "ಎದ್ದೇಳ್ತದಾ ದೊಡ್ಡಮ್ಮ?" ಎಂದು ಕೇಳುವಳು. "ಚೆಂದಾಗಿ ನೋಡ್ಕೊಂಡ್ರೆ ಎದ್ದೇಳ್ತದೆ," ಎಂದು ಇವಳೂ ಪಕ್ಕದಲ್ಲಿ ಕೂತು ತೂಗುವಳು. ಆ ಮಾತನ್ನು ಮಗುವಿಗೆ ಹೇಳಿದಳೋ, ತನಗೇ ಹೇಳಿಕೊಂಡಳೋ ಅವಳೇ ಹೇಳಬೇಕು.

"ನಯನಂಗೆ ಗೊತ್ತಾ, ಇದು ತಿರುವ್ತದೆ ಅಂತ?" ಎಂದೆ.

"ಇಲ್ಲ. ಯಾರ್ಗೂ ಹೇಳಲ್ಲ." ಮರಿಯನ್ನು ಮತ್ತೆ ಕಲ್ಲು ಮಾಡುತ್ತಾ ಹೇಳಿದಳು. "ಇದು ಹೆಂಗೂ ನನ್ನ ಸೆರಗಿಗೇ ವಾಪಸ್ ಬರ್ತೈತೆ. ಮನೆಗೆ ತಂದು ತಿರುವ್ಕೊಂತೀನಿ. ಒಂದ್ ಸಲನಾದ್ರೂ ನಂಗೆ ಹಾಕಿದ ಕಲ್ಲು ಏಳ್ಲಿ."

ನನಗೆ ಸಿಟ್ಟು ಬಂತು. "ಅದರ ಬದ್ಲು ಕೂಸು ಕೊಡ್ರಿ ಅಂತ ಕೈ ಚಾಚು. ಅದರಮ್ಮನ್ನ ಸಾಕಿದವಳು ನೀನು. ಯಾರು ಬ್ಯಾಡ ಅಂತಾರೆ?"

"ಕೇಳಿ ಇಸ್ಕೊಳ್ಳೋದಲ್ಲ ಕಣೆ ಅದು," ಎಂದಳು. "ಬೇರೆ ಹೊತ್ನಲ್ಲಿ ಊರಿನ ಕೂಸುಗಳ್ನೆಲ್ಲ ಎತ್ತಾಡ್ಸಿದೀನಿ. ತೊಟ್ಲಿಂದ ಎತ್ತಿ, ನಾಕು ಜನದ ಮುಂದೆ, ತಗ ಕಲ್ಯಾಣಿ ಅಂತ ಯಾರೂ ಕೊಟ್ಟಿಲ್ಲ. ನಯನಂದಾದ್ರೂ ಬರ್ತದೇನೋ ಅಂತ ಆಸೆ ಇತ್ತು. ಆಸೆ ಇದ್ದಿದ್ದಕ್ಕೇ ಹೇಳ್ತಿದೀನಿ, ನೀನು ಅಲ್ಲಿ ಬಂದು ಬಾಯಿ ಹಾಕ್ಬೇಡ."

ಅಂದರೆ ನಾನೂ ಹೋಗಬೇಕೆಂದು ಅರ್ಥ. ಶಾಸ್ತ್ರದ ದಿನ ಅಂಗಡಿ ಮುಚ್ಚಿ ಹೊರಟೆ. ಸಕಲೇಶಪುರಕ್ಕೆ ಬಸ್ಸು, ಅಲ್ಲಿಂದ ವನಗೂರಿಗೆ ಮೋಹನ್ ಕಳಿಸಿದ್ದ ಜೀಪು. ತಿರುವಿನಲ್ಲೆಲ್ಲ ನಾನು ಕಂಬಿ ಹಿಡಿದುಕೊಂಡೆ, ಅವಳು ಚೀಲ ಹಿಡಿದುಕೊಂಡಳು.

ನಡುಮನೆಯಲ್ಲಿ ಮಲ್ಲಿಗೆ ಸುತ್ತಿದ ತೊಟ್ಟಿಲು ಸಿದ್ಧವಾಗಿತ್ತು. ನಯನಾಳ ಅತ್ತೆ ವಿಶಾಲಮ್ಮ ಜೋರಿನ ಹೆಂಗಸು, ಒಳ್ಳೆಯವರೇ. ಉಲ್ಲನ್ ಕಲ್ಲನ್ನು ಕೈಯಲ್ಲಿ ತೂಗಿ ನೋಡಿ ಹುಬ್ಬು ಗಂಟಿಕ್ಕಿದರು. "ಗಟ್ಟಿಯಾಗ್ಲಿ ಅಂತ ಕಲ್ಲಿಡೋದು ಕಣ್ರೀ. ನೀವು ಹತ್ತಿ ತಂದಿದೀರಲ್ಲ?"

"ಒಳಗೆ ಗಟ್ಟಿ ಐತೆ," ಎಂದಳು ಕಲ್ಯಾಣಕ್ಕ. ಬಂದಿದ್ದ ಹೆಂಗಸರೆಲ್ಲ ನಕ್ಕರು, ಚೆಂದ ಐತೆ ಇರ್ಲಿ ಬಿಡಿ ಎಂದರು. ಅದಕ್ಕೇ ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ಮಲಗಿಸಿ ತೂಗಿದರು.

ಆಮೇಲೆ ಕಲ್ಲು ತೆಗೆಯುವ ಹೊತ್ತು. ತೊಟ್ಟಿಲಿನ ಒಂದು ಬದಿ ವಿಶಾಲಮ್ಮ, ಇನ್ನೊಂದು ಬದಿ ನಯನಾಳ ತಾಯಿ. ಯಾರೂ ಕರೆಯುವ ಮೊದಲೇ ಕಲ್ಯಾಣಕ್ಕ ಒಂದು ಹೆಜ್ಜೆ ಮುಂದೆ ಬಂದು ಸೆರಗು ಒಡ್ಡಿದಳು. ವಿಶಾಲಮ್ಮ ಕಲ್ಲಿನ ಮೇಲಿನ ಬಟ್ಟೆ ಬಿಚ್ಚಿ, ಅದನ್ನು ಎತ್ತಲು ಹೋದವರು ಹಾಗೇ ಕಾಲ ಬದಿಗೆ ಸರಿಸಿದರು. "ಮೆತ್ತಗೈತೆ, ಕೂಸಿಗೆ ಏನೂ ಆಗಲ್ಲ. ತೆಗೆಯೋದೇನು, ಅಲ್ಲೇ ಇರ್ಲಿ," ಎಂದರು. ಕೂಸನ್ನು ಮಲಗಿಸಿದರು. ಪೂಜಿತಾ ಎಂದು ಕಿವಿಯಲ್ಲಿ ಹೆಸರು ಹೇಳಿದರು, ಹಾಡು ಶುರುವಾಯಿತು.

ಒಡ್ಡಿದ ಸೆರಗು ಖಾಲಿಯಾಗಿಯೇ ಇತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಕಲ್ಲೂ ಸಿಗಲಿಲ್ಲ. ಅವಳು ಹಿಂದೆ ಸರಿದು ಗೋಡೆಗೆ ಒರಗಿದಳು. ಸೆರಗನ್ನು ಬಿಡಲಿಲ್ಲ, ಏನೋ ಇದೆ ಎಂಬಂತೆ ಹಿಡಿದೇ ಇದ್ದಳು. ಬಾಯಿ ಹಾಕಬೇಡ ಅಂದಿದ್ದಾಳೆ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತೆ.

ಮಿಕ್ಕವರೆಲ್ಲರ ಕೈಗೂ ದಾಟಿ ಬಂದ ಮೇಲೆ ಕೂಸನ್ನು ಮತ್ತೆ ಮಲಗಿಸಿದರು. ಅದಕ್ಕೆ ಸಾಕಾಗಿತ್ತೇನೋ, ರಾಗ ತೆಗೆದು ಎರಡೂ ಕಾಲು ಬಡಿಯಿತು. ಒದೆತ ಬಿದ್ದಿದ್ದು ಉಲ್ಲನ್ ಕಲ್ಲಿಗೆ. ಅದು ಉರುಳಿತು, ಇನ್ನೆರಡು ಒದೆತಕ್ಕೆ ಬುಡದ ಸೀಳಿನಿಂದ ಏನೋ ಹೊರಗೆ ಇಣುಕಿತು.

"ಅಯ್ಯ, ಕಲ್ಲಿಗೆ ಬಾಲ ಬಂತು ನೋಡ್ರೇ," ಎಂದರು ಯಾರೋ.

ಪಕ್ಕದ ಕುರ್ಚಿಯಲ್ಲಿದ್ದ ನಯನಾ ಬಗ್ಗಿ ಅದನ್ನು ಎತ್ತಿಕೊಂಡಳು. ತುದಿ ಹಿಡಿದು ಎಳೆದಳು. ಸೊಂಡಿಲು, ಕಿವಿ, ಕಾಲು. ಹೆಂಗಸರು ಗೊಳ್ಳೆಂದು ನಕ್ಕರು, ಅವಳೂ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಮರಿಯನ್ನು ಹಿಡಿದುಕೊಂಡೇ ತಲೆ ಎತ್ತಿ ಗೋಡೆಯ ಕಡೆ ನೋಡಿದಳು. ಅಲ್ಲಿ ಅವಳ ದೊಡ್ಡಮ್ಮ ಖಾಲಿ ಸೆರಗು ಹಿಡಿದು ನಿಂತಿದ್ದಳು.

ನಯನಾ ಆನೆಮರಿಯನ್ನು ತೊಟ್ಟಿಲಿಗೆ ಹಾಕಿ, ಕೂಸನ್ನು ಎತ್ತಿಕೊಂಡು ಎದ್ದಳು. ನಾಲ್ಕು ಜನರ ನಡುವೆ ದಾರಿ ಮಾಡಿಕೊಂಡು ಬಂದು ಇವಳ ಮುಂದೆ ನಿಂತಳು.

"ಎದ್ಬುಡ್ತು ಕಣೆ ದೊಡ್ಡಮ್ಮ," ಎಂದಳು. "ತಗ."

ಸೆರಗಿಗೆ ಕೂಸನ್ನು ಹಾಕಿದಳು. ಕಲ್ಯಾಣಕ್ಕನ ಎರಡೂ ಕೈ ಥಟ್ಟನೆ ಒಂದಿಷ್ಟು ಮೇಲಕ್ಕೆ ಎದ್ದವು, ಕೂಸು ಅವಳ ಎದೆಯ ತನಕ ಬಂತು. "ಕತ್ತು ಹಿಡ್ಕೊಳ್ರೀ, ಇನ್ನೂ ನಿಂತಿಲ್ಲ," ಎಂದು ವಿಶಾಲಮ್ಮ ಅಲ್ಲಿಂದಲೇ ಹೇಳಿದರು, ಬೇರೆ ಯಾರಿಗಾದರೂ ಹೇಳುವ ಹಾಗೇ. ಕಲ್ಯಾಣಕ್ಕ ಕತ್ತು ಹಿಡಿದುಕೊಂಡಳು. ಕೂಸು ಅವಳನ್ನು ನೋಡಿತು, ಅಳು ಮರೆಯಿತು, ಆಮೇಲೆ ಹಾಲು ನೆನಪಾಗಿ ಮತ್ತೆ ಅತ್ತಿತು. ನಯನಾ ಕೊಡು ಅಂದಾಗ ಕೊಟ್ಟಳು.

ವಾಪಸ್ ಬರುವಾಗ ಸಕಲೇಶಪುರದಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಕೈಯಲ್ಲಿ ಕ್ರೋಶಾ ಕಡ್ಡಿ ಇರಲಿಲ್ಲ. ಹಾಗೆ ನಾನು ಅವಳನ್ನು ಎಂದೂ ನೋಡಿಲ್ಲ. ಸೆರಗನ್ನು ಮಡಿಲಲ್ಲಿ ಗುಡ್ಡೆ ಮಾಡಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಬಾಳ್ಳುಪೇಟೆ ದಾಟಿತು.

"ನಿನ್ನ ಮರಿ ಅಲ್ಲೇ ಉಳೀತಲ್ಲಕ್ಕ," ಎಂದೆ. "ಉಲ್ಲನ್ ಇನ್ನೂ ಐತೆ. ಇನ್ನೊಂದು ಹಾಕ್ಕ."

"ಬ್ಯಾಡ," ಎಂದಳು. ಕಿಟಕಿಯ ಕಡೆಗೇ ನೋಡುತ್ತಾ ಹೇಳಿದಳು. "ಕೈ ಮ್ಯಾಲಕ್ಕೆ ಎದ್ದೋದ್ವಲ್ಲ, ನೋಡ್ದಾ? ಕಲ್ಲಿನಷ್ಟು ಭಾರ ಇರ್ತದೆ ಅಂತ ಕೈ ಬಿಗಿ ಮಾಡ್ಕೊಂಡಿದ್ದೆ ಕಣೆ. ಏನೂ ಭಾರನೇ ಇಲ್ಲ."