ಎರಡು ನಗಣ್ಯ

ಬಾಯಿಗೆ ಬಂದದ್ದನ್ನು ಆಡುವವರು ಆ ಊರಿನಲ್ಲಿ ಬೇಕಾದಷ್ಟು ಜನ. ಇನ್ನೊಬ್ಬರ ಬಾಯಿಂದ ಬಂದದ್ದನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಮುಟ್ಟಿಸುವವಳು ಮಾತ್ರ ಒಬ್ಬಳೇ, ಲೈನಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಲೈನ್ ಕೆಟ್ಟು ಆ ಕಡೆಯವರ ಮಾತು ಈ ಕಡೆಯವರಿಗೆ ಕೇಳಿಸದೇ ಹೋದಾಗ ನಡುವೆ ಕೂತ ಅವಳೇ ಅದನ್ನು ಆಡಿ ತೋರಿಸಬೇಕಾಗುತ್ತಿತ್ತು. ಗಂಡ ಹೆಂಡತಿಯನ್ನು ಬೈದರೆ ಬೈಗುಳವನ್ನೂ ಹಾಗೆಯೇ ಮುಟ್ಟಿಸುವಳು. "ಕತ್ತೆ ಅಂತಿದ್ದಾರಮ್ಮ" ಎಂದು ಸೌಮ್ಯವಾಗಿ ಹೇಳಿ ಉತ್ತರಕ್ಕೆ ಕಾಯುವಳು. ಸೇರಿಸಬಾರದು, ಬಿಡಬಾರದು, ಅದು ಆ ಕೆಲಸದ ಧರ್ಮ. ನಾವು ನೀವು ಅದರಲ್ಲಿ ಕಾಲುಭಾಗ ಪಾಲಿಸಿದ್ದರೂ ಎಷ್ಟೋ ಮನೆಗಳು ಒಡೆಯುತ್ತಿರಲಿಲ್ಲ. ಇರಲಿ.

ತಾನೇ ತಾನಾಗಿ ಲೈನ್ ಕೊಡುವ ಯಂತ್ರ ಬಂದಾಗ ಅವಳ ಕೈಗೊಂದು ಗೋಡೆಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮನೆಯೆಂದರೆ ತಮ್ಮನದು. ತಮ್ಮ ಕ್ಷೌರಿಕ, ಮುಂದುಗಡೆ ಅಂಗಡಿ, ಹಿಂದುಗಡೆ ಮೂರು ಕೋಣೆ. ಎರಡು ವರ್ಷ ಅಲ್ಲಿ ಸುಮ್ಮನೆ ಕೂತು ಬೇಸತ್ತಿದ್ದಾಗ ಊರಾಚೆಯ ಪ್ರಯೋಗಾಲಯದವರು ಅವಳ ದನಿ ಮೆಚ್ಚಿ ಕರೆದು ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಒಂದು ಮೇಜು, ಎರಡು ಫೋನು, ಒಂದು ರಿಜಿಸ್ಟರು, ಸರಿಯಾಗಿ ಮುಚ್ಚಿಕೊಳ್ಳದ ಒಂದು ಕಿಟಕಿ. ಅವಳಿಗೆ ಅಷ್ಟು ಸಾಕಾಗಿತ್ತು.

ಆ ಪ್ರಯೋಗಾಲಯದವರು ಹದಿನಾಲ್ಕು ವರ್ಷದಿಂದ ನೆಲದಡಿಯಲ್ಲಿ ಬಳೆಯಾಕಾರದ ಸುರಂಗ ಕೊರೆಯುತ್ತಿದ್ದರು. ಅದರೊಳಗೆ ಕಣ್ಣಿಗೆ ಕಾಣದ ಕಣಗಳನ್ನು ಎದುರುಬದುರಾಗಿ ಓಡಿಸಿ, ಡಿಕ್ಕಿ ಹೊಡೆಸಿ, ಚೂರುಗಳಲ್ಲಿ ಲೋಕ ಹುಟ್ಟಿದ ಗುಟ್ಟನ್ನು ಹುಡುಕುವುದು ಅವರ ಉದ್ದೇಶ. ಊರವರು ಅದನ್ನು "ಬಳೆ" ಎಂದೇ ಕರೆಯುತ್ತಿದ್ದರು. "ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕಂಡಿದ್ವಿ. ಇವರು ಹಿಡಿಯೋದು ಇಲಿ ಮೀಸೆಯ ತುದೀನೂ ಅಲ್ಲವಲ್ಲ" ಎಂದು ತಮ್ಮ ಕತ್ತರಿ ಆಡಿಸುತ್ತ ಹೇಳಿದರೆ ಅಂಗಡಿಗೆ ಅಂಗಡಿಯೇ ನಗುತ್ತಿತ್ತು.

ಯಂತ್ರ ಶುರು ಮಾಡುವ ಬುಧವಾರ ಗೊತ್ತಾದ ಮೇಲೆ ಆ ನಗೆಯ ಬಣ್ಣ ಬೇರೆಯಾಯಿತು. ಡಿಕ್ಕಿಯಲ್ಲಿ ಪುಟ್ಟದೊಂದು ಕಪ್ಪು ಕುಳಿ ಹುಟ್ಟಿ, ಸುತ್ತಲಿನದನ್ನು ನುಂಗುತ್ತ ದೊಡ್ಡದಾಗಿ, ಕೊನೆಗೆ ಭೂಮಿಯನ್ನೇ ನುಂಗಬಹುದು ಎಂದು ಯಾರೋ ಪತ್ರಿಕೆಗೆ ಬರೆದರು. ಸುದ್ದಿಗೆ ಕೈಕಾಲು ಮೂಡಿದವು. ಲೈನಕ್ಕನ ಎರಡೂ ಫೋನುಗಳಿಗೆ ಉಸಿರಾಡಲು ಬಿಡುವಿಲ್ಲ. ಬುಧವಾರ ಲೋಕ ಹೋಗುವುದಾದರೆ ಗುರುವಾರದ ಪರೀಕ್ಷೆಗೆ ಓದಬೇಕೋ ಬೇಡವೋ ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಮಗಳ ಮದುವೆ ಮುಗಿಯುವವರೆಗೆ ಮುಂದೂಡಲು ಸಾಧ್ಯವೇ ಎಂದು ಒಬ್ಬ ತಂದೆ ವಿಚಾರಿಸಿದ. "ಅದು ಯಾವ ದಿಕ್ಕಿಂದ ನುಂಗೋಕೆ ಶುರು ಮಾಡುತ್ತೆ? ನಮ್ಮತ್ತೆ ಮನೆ ಪೂರ್ವಕ್ಕಿದೆ, ಅದಕ್ಕೆ ಕೇಳಿದೆ" ಎಂದ ಇನ್ನೊಬ್ಬ. ತಮ್ಮನ ಅಂಗಡಿಯಲ್ಲಂತೂ ಜಾಗವಿಲ್ಲ. ಮೇಲಿನವನ ಮುಂದೆ ನಿಲ್ಲುವಾಗ ಕ್ರಾಪಾದರೂ ನೆಟ್ಟಗಿರಲಿ ಎಂದು ನಗಾಡುತ್ತ ಬರುವರು. ಹೊರಗೆ ನಗೆ, ಒಳಗೆ ಪುಕುಪುಕು.

ಜನರಿಗೆ ಏನು ಹೇಳಬೇಕೆಂದು ಲೈನಕ್ಕನಿಗೆ ಒಂದು ಹಾಳೆ ಕೊಟ್ಟಿದ್ದರು. ಕೊಟ್ಟವರು ಪ್ರಯೋಗಾಲಯದ ಹಿರಿಯ ವಿಜ್ಞಾನಿ. ಯಾವುದನ್ನು ಕೇಳಿದರೂ ಸೊನ್ನೆ ಬಿಂದು ಸೊನ್ನೆ ಸೊನ್ನೆ ಎಂದು ಶುರು ಮಾಡುತ್ತಿದ್ದುದರಿಂದ ಗೇಟಿನ ಕಾವಲುಗಾರರು ಅವರಿಗೆ ದಶಾಂಶದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹಾಳೆಯಲ್ಲಿ ಇದ್ದದ್ದು ಒಂದೇ ವಾಕ್ಯ: "ಈ ಪ್ರಯೋಗದಿಂದ ಸಾರ್ವಜನಿಕರಿಗೆ ಅಪಾಯವಾಗುವ ಸಾಧ್ಯತೆ ನಗಣ್ಯ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ವಾಕ್ಯ. ಕಿವಿ ಮಂದವಾದ ಒಬ್ಬ ಮುದುಕ ಅದನ್ನು ಎರಡು ಸಲ ಹೇಳಿಸಿಕೊಂಡು, "ನಾಗಣ್ಣನಾ? ಯಾವ ನಾಗಣ್ಣ? ಎಲ್ಲ ಅವನ ಕೈಲೇ ಇದ್ದರೆ ಅವನನ್ನೇ ಫೋನಿಗೆ ಕರೀಮ್ಮ" ಎಂದ. ಅದನ್ನು ಲೈನಕ್ಕ ಮನೆಯಲ್ಲಿ ಹೇಳಿದ್ದೇ ತಡ, ತಮ್ಮ ಊರಿಗೆಲ್ಲ ಹಂಚಿದ. ಆಮೇಲೆ ಯಾರು ಯಾರನ್ನು ಮಾತಾಡಿಸಿದರೂ "ಎಲ್ಲ ನಾಗಣ್ಣನಿಗೆ ಬಿಟ್ಟದ್ದು" ಅನ್ನುವುದು ರೂಢಿಯಾಯಿತು.

ಆದರೆ ಲೈನಕ್ಕನಿಗೆ ಆ ಪದ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವಳ ಗಂಡನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಅಂಥ ಅವಸರದ್ದೇನಲ್ಲ, ಭಾರ ಎತ್ತಿದಾಗ ನೋವು ಅಷ್ಟೆ. ಡಾಕ್ಟರು ಪೆನ್ನು ಚಾಚಿ, "ಅಪಾಯ ನಗಣ್ಯ, ಇಲ್ಲೊಂದು ಸಹಿ" ಅಂದರು. ಅವಳು ಹಾಕಿದಳು. ಮತ್ತಿನ ಮದ್ದು ಕೊಟ್ಟವರಿಗೆ ಎಚ್ಚರ ಬರಿಸಲಾಗಲಿಲ್ಲ. ತಿಂಗಳು ಕಳೆದ ಮೇಲೆ ಅವಳು ನಿಘಂಟು ತೆಗೆದು ಆ ಪದ ನೋಡಿದಳು: ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲದ್ದು. ಹಾಗಾದರೆ ಲೆಕ್ಕಕ್ಕೆ ಬಾರದವನು ನನ್ನ ಗಂಡನೇ ಎಂದು ನಿಘಂಟನ್ನು ಮುಚ್ಚಿಟ್ಟಳು. ಇದನ್ನು ಅವಳು ತಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ, ಸಹಿ ಹಾಕಿದವಳು ತಾನೇ ಎಂಬುದನ್ನೂ ಹೇಳಬೇಕಾಗುತ್ತಿತ್ತಲ್ಲ.

ಅದಕ್ಕೇ ಅವಳು ಒಂದು ಉಪಾಯ ಮಾಡಿದಳು. ಮೂವತ್ತು ವರ್ಷದ ಧರ್ಮ ಬಿಟ್ಟು ಮೊದಲ ಸಲ ಒಂದು ಪದ ಬದಲಾಯಿಸಿದಳು. ವಾಕ್ಯವನ್ನು ಓದುತ್ತ ಬಂದು, ಕೊನೆಗೆ "ಸಾಧ್ಯತೆ ಇಲ್ಲ" ಎಂದು ಮುಗಿಸುವಳು. ಜನ ನಿಟ್ಟುಸಿರು ಬಿಟ್ಟು ಫೋನ್ ಇಡುವರು. ಎಲ್ಲ ಸುಗಮ ಅನ್ನುವಷ್ಟರಲ್ಲಿ ಒಬ್ಬ ಪತ್ರಕರ್ತ ಬೆಳಿಗ್ಗೆ ಅವಳಿಂದ "ಇಲ್ಲ" ಕೇಳಿಸಿಕೊಂಡು, ಮಧ್ಯಾಹ್ನ ಮೇಷ್ಟ್ರ ಬಾಯಿಂದ "ನಗಣ್ಯ" ಕೇಳಿಸಿಕೊಂಡು, "ಒಳಗಿನವರಲ್ಲೇ ಒಮ್ಮತವಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದ. ಒಳ್ಳೆಯದು ಮಾಡಲು ಹೋಗಿ ಹೆದರಿಕೆ ಎರಡರಷ್ಟಾಯಿತು.

ಮೇಷ್ಟ್ರು ಪತ್ರಿಕೆ ಹಿಡಿದು ಬಂದರು. ಸಿಟ್ಟಿಗಿಂತ ಸುಸ್ತು ಹೆಚ್ಚಾಗಿ ಕಾಣುತ್ತಿತ್ತು.

"ವಿಜ್ಞಾನದಲ್ಲಿ 'ಇಲ್ಲ' ಅನ್ನೋ ಮಾತೇ ಇಲ್ಲಮ್ಮ."

"ನೀವೇ ಈಗ ಇಲ್ಲ ಅಂದ್ರಲ್ಲ ಸರ್."

"ನಾನು ಹಾಗೆ ಹೇಳಲಿಲ್ಲ."

"ಇದು ಎರಡನೇದು."

ಅವರು ಪತ್ರಿಕೆಯನ್ನು ಮಡಚಿ ಕಂಕುಳಿಗೆ ಸಿಕ್ಕಿಸಿದರು. ಆಮೇಲೆ ಮೆಲ್ಲಗೆ, "ಇನ್ನೊಂದು ಸಲ ಹಾಳೆ ಬಿಟ್ಟು ಮಾತಾಡಿದ್ರೆ ಈ ಕುರ್ಚೀಲಿ ಬೇರೆಯವರು ಕೂರಬೇಕಾಗುತ್ತೆ" ಎಂದು ಹೇಳಿ ಹೋದರು. ತಮ್ಮನ ಮನೆಯ ಹಿಂದಿನ ಕೋಣೆ ಕಣ್ಣ ಮುಂದೆ ಬಂತು. ಲೈನಕ್ಕ ಹಾಳೆಯನ್ನು ಮೇಜಿಗೆ ಅಂಟಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಓದತೊಡಗಿದಳು.

ಬುಧವಾರಕ್ಕೆ ನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನದ ಹೊತ್ತು ಒಂದು ಎಳೆಯ ದನಿ ಬಂತು. ಹಿಂದೆ ಬಸ್ಸಿನ ಸದ್ದು; ಬೀದಿಯ ಫೋನ್ ಬೂತ್ ಇರಬೇಕು. ಲೈನಕ್ಕ ವಾಕ್ಯ ಓದಿ ಮುಗಿಸಿದಳು.

"ಅದು ಪೇಪರಲ್ಲೂ ಬಂದಿದೆ ಅಕ್ಕಾ. ನಂಗೆ ಬೇರೆ ಒಂದು ಕೇಳಬೇಕಿತ್ತು" ಎಂದಿತು ದನಿ. "ನಂಗೆ ಏಳು ತುಂಬಿ ಎಂಟರಲ್ಲಿ ಬಿದ್ದಿದೆ. ನಮ್ಮತ್ತೆ, ಭೂಮಿ ಹೋಗೋದಾದ್ರೆ ಹೋಗಲಿ, ಮೊಮ್ಮಗು ಮುಖ ಒಂದ್ಸಲ ನೋಡಿಬಿಡ್ತೀನಿ ಅಂತ ಹಟ ಹಿಡಿದಿದ್ದಾರೆ. ಮಂಗಳವಾರ ಕೊಯ್ದು ತೆಗೆಸೋದು ಅಂತ. ದೊಡ್ಡಾಸ್ಪತ್ರೆಯವರು ಆಗಲ್ಲ ಅಂದ್ರು, ಇಲ್ಲೊಂದು ಚಿಕ್ಕ ಆಸ್ಪತ್ರೆಯವರು ಒಪ್ಪಿದ್ದಾರೆ."

"ನಿಮ್ಮ ಯಜಮಾನರು ಏನಂತಾರೆ?"

"ಅಮ್ಮ ಹೇಳಿದ ಹಾಗೆ ಅಂತಾರೆ."

ಬಸ್ಸೊಂದು ಹೋಯಿತು. ಅದು ಹೋಗುವವರೆಗೆ ಹುಡುಗಿ ಕಾದಳು.

"ಮಗುಗೆ ಏನಾದ್ರೂ ಆಗುತ್ತಾ ಅಂತ ಡಾಕ್ಟ್ರನ್ನ ಕೇಳಿದೆ. ಅಪಾಯ ನಗಣ್ಯ ಅಂದ್ರು. ನೀವೂ ನಗಣ್ಯ ಅಂತೀರಿ. ಎರಡು ನಗಣ್ಯದಲ್ಲಿ ಯಾವುದು ದೊಡ್ಡದು ಅಕ್ಕಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಬೇಡಿ. ನಂಗೆ ಕೇಳೋಕೆ ಬೇರೆ ಯಾರೂ ಇಲ್ಲ."

ಲೈನಕ್ಕ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ತಲೆಯೆತ್ತಿದರೆ ಬಾಗಿಲಲ್ಲಿ ದಶಾಂಶದ ಮೇಷ್ಟ್ರು, ಕೈಯಲ್ಲಿ ಟೀ ಲೋಟ. ಅವಳು ಹಾಳೆಯ ಮೇಲೆ ರಿಜಿಸ್ಟರನ್ನು ಎಳೆದುಕೊಂಡಳು. ಹೆದರಿಕೆ ಆಯಿತು, ನಿಜ. ಆದರೆ ಆ ಹುಡುಗಿಗೆ ಚಾಚಿದ ಪೆನ್ನು ಅವಳ ಕಣ್ಣಿಗೇ ಕಾಣುತ್ತಿತ್ತು.

"ನೋಡಮ್ಮ, ನಗಣ್ಯದಲ್ಲಿ ಎರಡು ಜಾತಿ. ಈ ಮೆಷಿನ್ನಿಂದು ಇದೆಯಲ್ಲ, ಅದು ಇವತ್ತಿನವರೆಗೆ ಭೂಮಿ ಮೇಲೆ ಒಬ್ಬರಿಗೂ ಆಗಿಲ್ಲ. ಡಾಕ್ಟ್ರ ನಗಣ್ಯ ಹಾಗಲ್ಲ. ಅದು ಯಾರಿಗೋ ಒಬ್ಬರಿಗೆ ಆಗೇ ಆಗುತ್ತೆ. ಆ ಒಬ್ಬರು ನಾವಲ್ಲ ಅಂದ್ಕೊಂಡು ಸಹಿ ಹಾಕ್ತೀವಿ. ನಾನು ಹಾಕಿದ್ದೆ. ನನ್ನ ಗಂಡ ವಾಪಸ್ ಬರಲಿಲ್ಲ."

ಆ ಕಡೆ ಇನ್ನೊಂದು ನಾಣ್ಯ ಬಿದ್ದ ಸದ್ದಾಯಿತು.

"ಬೇಕಾಗಿ ಕೊಯ್ಯಿಸೋದು ಬೇರೆ, ಹೆದರಿ ಕೊಯ್ಯಿಸೋದು ಬೇರೆ. ಕಾಯಿ. ದೊಡ್ಡಾಸ್ಪತ್ರೆಯವರು ಹೇಳಿದ ದಿನದವರೆಗೂ ಕಾಯಿ. ಅತ್ತೆ ಬೈತಾರೆ, ಬೈಯಲಿ. ಬೈಸಿಕೊಂಡು ಯಾರೂ ಸತ್ತಿಲ್ಲ."

"ನೀವೇ ಒಂದು ಮಾತು ಅತ್ತೆಗೆ..." ಅನ್ನುವಷ್ಟರಲ್ಲಿ ಬೂತಿನ ಹೊತ್ತು ಮುಗಿದು ಲೈನ್ ಕಡಿದುಹೋಯಿತು. ಹೆಸರು ಕೇಳಿರಲಿಲ್ಲ, ನಂಬರು ಇಲ್ಲ. ಊರಿನ ಅರ್ಧ ಲೈನುಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವಳಿಗೆ ಆ ಒಂದು ಹುಡುಗಿಯನ್ನು ಮತ್ತೆ ಹಿಡಿಯುವ ದಾರಿ ಇರಲಿಲ್ಲ.

ಮೇಷ್ಟ್ರು ಒಳಗೆ ಬಂದು ಲೋಟ ಮೇಜಿನ ಮೇಲಿಟ್ಟರು. ಲೈನಕ್ಕ ತನ್ನ ಕೈಚೀಲಕ್ಕೆ ಕೈಹಾಕಿದಳು, ಹೊರಡಿ ಅನ್ನಿಸಿಕೊಳ್ಳುವ ಮೊದಲೇ ಹೊರಡೋಣ ಎಂದು.

"ಕೂತ್ಕೊಳ್ಳಿ. ಆ ಹುಡುಗಿ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ" ಎಂದರು ಅವರು. "ಸೊನ್ನೆ ಅಂತ ಹೇಳೋಕೆ ನನ್ನ ನಾಲಿಗೆ ಏಳಲ್ಲ, ಏನು ಮಾಡಲಿ. ಆದ್ರೆ ಬುಧವಾರ ನನ್ನ ಹೆಂಡ್ತಿ ಮಕ್ಕಳು ಇದೇ ಸುರಂಗದ ಮೇಲಿರೋ ಮನೇಲಿ ತಿಂಡಿ ತಿಂತಾ ಇರ್ತಾರೆ. ಎಲ್ಲಿಗೂ ಕಳಿಸ್ತಿಲ್ಲ."

"ಇದನ್ನೇ ಮೊದಲು ಹಾಳೇಲಿ ಬರೆದಿದ್ರೆ ಆಗ್ತಿತ್ತಲ್ಲ ಸರ್."

"ಅದು ವಿಜ್ಞಾನ ಅಲ್ಲವಲ್ಲಮ್ಮ" ಎಂದು ಅವರು ಪೆಚ್ಚಾಗಿ ನಕ್ಕರು. ಕುರ್ಚಿಯ ಮಾತು ಮತ್ತೆ ಎತ್ತಲಿಲ್ಲ.

ಬುಧವಾರ ಬಂತು. ಹತ್ತು ಗಂಟೆಗೆ ಊರೆಲ್ಲ ಸ್ತಬ್ಧ. ತಮ್ಮನ ಅಂಗಡಿಯಲ್ಲಿ ಒಬ್ಬರ ಒಂದು ಕೆನ್ನೆ ಮುಗಿದಿತ್ತು, ಸರಿಯಾಗಿ ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತದ್ದನ್ನು ನೋಡಿ ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಂಡರಂತೆ. ಅರ್ಧ ನಿಮಿಷಕ್ಕೆ ಫ್ಯಾನು ತಿರುಗಿತು. "ಏಳಬೇಡಿ, ಇನ್ನೊಂದು ಕೆನ್ನೆ ಈ ಲೋಕದಲ್ಲೇ ಉಳಿದಿದೆ" ಎಂದ ತಮ್ಮ. ಗೇಟಿನ ಕೋಣೆಯಲ್ಲಿ ಹನ್ನೊಂದು ನಿಮಿಷ ಎರಡೂ ಫೋನು ಸುಮ್ಮನಿದ್ದವು. ಆಮೇಲೆ ಒಂದು ಹೊಡೆದುಕೊಂಡಿತು.

"ಇನ್ನೂ ಇದ್ದೀರಾ?" ಎಂದು ಯಾರೋ ಕೇಳಿದರು.

"ಇದ್ದೀವಿ. ನೀವು?"

"ನಾವೂ ಇದ್ದ ಹಾಗಿದೆ" ಎಂದು ಇಟ್ಟರು.

ಊರಿನ ಹೆದರಿಕೆ ಅಲ್ಲಿಗೆ ಮುಗಿಯಿತು. ಲೈನಕ್ಕನದು ಅಲ್ಲಿಂದ ಶುರುವಾಯಿತು. ಮಂಗಳವಾರ ಆ ಹುಡುಗಿಯನ್ನು ಕೊಯ್ದರೋ ಬಿಟ್ಟರೋ ಗೊತ್ತಿಲ್ಲ. ಕೊಯ್ದು ಮಗು ಹೋಗಿದ್ದರೆ? ಅದಕ್ಕಿಂತ ಕೆಟ್ಟದ್ದೊಂದು ಯೋಚನೆ ಬರುತ್ತಿತ್ತು: ತನ್ನ ಮಾತು ನಂಬಿ ಕಾದು, ಕಾದದ್ದರಿಂದಲೇ ಏನಾದರೂ ಆದರೆ? ಒಂಬತ್ತರಲ್ಲೂ ಹೋಗುವ ಮಕ್ಕಳಿಲ್ಲವೇ? ಒಂದು ಸಹಿಯ ಭಾರವೇ ಇನ್ನೂ ಇಳಿದಿಲ್ಲ, ಇನ್ನೊಬ್ಬರ ಮಗುವಿನ ಮೇಲೆ ಇನ್ನೊಂದು ಹಾಕಿ ಕೂತೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಫೋನ್ ಹೊಡೆದುಕೊಂಡರೆ ಕೈ ಚಾಚುವ ಮೊದಲು ಸೆರಗಿನಿಂದ ಅಂಗೈ ಒರೆಸಿಕೊಳ್ಳುವಳು. "ಅಕ್ಕ, ಲೋಕ ಉಳೀತು, ನೀನ್ಯಾಕೆ ಸೊರಗ್ತಿದ್ದೀಯ?" ಎಂದು ತಮ್ಮ ಕೇಳಿದ. ಆ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ, ಅವನ ಕುರ್ಚಿಯಲ್ಲೇ ಕೂತು, ಗಂಡನ ಸಹಿಯ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಊರನ್ನೆಲ್ಲ ನಗಿಸುವವನು ಅವಳ ಪಕ್ಕದಲ್ಲಿ ನಿಂತು ಬಾಚಣಿಗೆಗಳನ್ನು ಒಂದೊಂದಾಗಿ ತೊಳೆದ.

ಎಂಟನೆಯ ವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು. ವಯಸ್ಸಾದ, ಒರಟು ಹೆಣ್ಣುದನಿ.

"ಕಾಯಿ ಅಂತ ನನ್ನ ಸೊಸೆಗೆ ಹೇಳಿಕೊಟ್ಟವಳು ನೀನೇನಾ?"

ಲೈನಕ್ಕ ಕುರ್ಚಿಯಿಂದ ಎದ್ದು ನಿಂತಳು. "ಹೌದು, ನಾನೇ."

"ಮಂಗಳವಾರ ಆಸ್ಪತ್ರೆ ಬಾಗಿಲಲ್ಲಿ ಕೂತುಬಿಟ್ಟಳು, ಏಳಲೇ ಇಲ್ಲ. ಅಕ್ಕ ಹೇಳಿದ್ದಾರೆ ಅಂತ ಒಂದೇ ಪಾಠ. ಯಾವ ಅಕ್ಕಾನೇ ಅಂದ್ರೆ ಹೆಸರೂ ಗೊತ್ತಿಲ್ಲ ಅಂತಾಳೆ. ಅವತ್ತಿಂದ ದಿನಾ ನಿಂಗೆ ಶಾಪ ಹಾಕಿದ್ದೀನಿ, ತಿಳ್ಕೋ."

"ಹೂಂ."

"ಇವತ್ತು ಬೆಳಿಗ್ಗೆ ಆಯ್ತು. ಹೆಣ್ಣು. ಮೂರು ಕೆಜಿ ಮೇಲಿದೆ. ಮೂಗು ನನ್ನದೇ." ದನಿ ಅಲ್ಲಿ ಸ್ವಲ್ಪ ಒಡೆಯಿತು. "ದೊಡ್ಡಾಸ್ಪತ್ರೆಯ ನರ್ಸು ಹೇಳಿದ್ಲು, ಅವತ್ತೇ ತೆಗೆಸಿದ್ರೆ ಉಸಿರಾಡೋಕೆ ಕಷ್ಟ ಆಗ್ತಿತ್ತು ಅಂತ. ಅದಕ್ಕೇ... ಹಾಕಿದ ಶಾಪ ವಾಪಸ್ ತಗೊಳ್ಳೋಕೆ ವಾರ್ಡಿನಿಂದಲೇ ಫೋನ್ ಮಾಡಿದೆ."

ಅಷ್ಟರಲ್ಲಿ ಆ ಕಡೆ, ಫೋನಿಗೆ ಬಹಳ ಹತ್ತಿರದಲ್ಲೇ, ಒಂದು ಮಗು ಕಿರಿಚಿ ಅಳತೊಡಗಿತು. ಮೇಜಿನ ಮೇಲಿನ ಇನ್ನೊಂದು ಫೋನು ಹೊಡೆದುಕೊಂಡಿತು. ಲೈನಕ್ಕ ಅದರತ್ತ ಕೈ ಚಾಚಲಿಲ್ಲ.

"ಎದ್ದುಬಿಡ್ತು. ತಾಳು, ಸುಮ್ಮನಿರಿಸಿ ಬರ್ತೀನಿ."

"ಬೇಡಮ್ಮ" ಎಂದಳು ಲೈನಕ್ಕ. ಕಣ್ಣೀರು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ. "ಅಳಲಿ ಬಿಡಿ. ನಾನು ಕೇಳ್ತಿರ್ತೀನಿ."